ಪರದೇಶದಲ್ಲಿ ಪಾಠ ಮಾಡಿದ ವರ್ಷಗಳೂ ಸೇವೆಯೇ

ಮಾನ್ಯ ಸಂಪಾದಕರೇ,

ಶಿಕ್ಷಕರ ದಿನಾಚರಣೆಗೆ ನೀವು ತಂದ ವಿಶೇಷ ಪುಟಗಳನ್ನು ಪೂರ್ತಿ ಓದಿದೆ. ಹಳ್ಳಿ ಶಾಲೆಯ ಮೇಷ್ಟ್ರುಗಳ ಬಗ್ಗೆ, ಅತಿಥಿ ಉಪನ್ಯಾಸಕರ ಪಾಡಿನ ಬಗ್ಗೆ ಬಂದ ಬರಹಗಳು ತುಂಬಾ ಚೆನ್ನಾಗಿದ್ದವು. ಆದರೆ ಒಂದು ಗುಂಪಿನವರು ಮಾತ್ರ ಬಿಟ್ಟುಹೋಗಿದ್ದರು. ಹೊರದೇಶಕ್ಕೆ ಹೋಗಿ ಪಾಠ ಮಾಡಿ ವಾಪಸ್ ಬಂದವರು. ಬೆಂಗಳೂರಿನಲ್ಲಿ ಹೊರದೇಶ ಅಂದ ಕೂಡಲೇ ಅಮೆರಿಕ, ಸಾಫ್ಟ್‌ವೇರ್ ಇಷ್ಟೇ ನೆನಪಾಗುತ್ತದೆ. ಇಥಿಯೋಪಿಯಾ, ಎರಿಟ್ರಿಯಾ, ಲಿಬಿಯಾ, ಮಾಲ್ಡೀವ್ಸ್ ಕಡೆ ಪಾಠ ಹೇಳಲು ಹೋದ ನಮ್ಮ ಮೇಷ್ಟ್ರು, ಮೇಡಮ್ಮುಗಳ ಸುದ್ದಿ ಎಲ್ಲೂ ಬರುವುದಿಲ್ಲ.

ನಾನು ಅವರಲ್ಲಿ ಒಬ್ಬಳು. ಭೌತಶಾಸ್ತ್ರದ ಅಧ್ಯಾಪಕಿ. 2011ರ ಅಕ್ಟೋಬರ್‌ನಿಂದ 2017ರ ಜುಲೈವರೆಗೆ ದಕ್ಷಿಣ ಇಥಿಯೋಪಿಯಾದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದೆ. ಅಮ್ಮನಿಗೆ ಹುಷಾರಿಲ್ಲದೆ ಆಗಿ ಬೆಂಗಳೂರಿಗೆ ವಾಪಸ್ ಬಂದೆ. ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಕೆಲಸಕ್ಕೆ ಸೇರುವಾಗ ಆ ವರ್ಷಗಳನ್ನೆಲ್ಲ ಸೊನ್ನೆ ಎಂದು ಬರೆದರು. ಹೊಸದಾಗಿ ಎಂ.ಎಸ್‌ಸಿ. ಮುಗಿಸಿ ಬಂದ ಹುಡುಗಿಗೂ ನನಗೂ ಒಂದೇ ಸಂಬಳ. ಆ ಹುಡುಗಿಯ ಮೇಲೆ ನನಗೆ ಏನೂ ಬೇಸರವಿಲ್ಲ, ಅವಳು ಒಳ್ಳೆಯ ಟೀಚರ್. ನನ್ನ ಬೇಸರವೆಲ್ಲ ಲೆಕ್ಕಕ್ಕೇ ಬಾರದ ಆ ವರ್ಷಗಳ ಬಗ್ಗೆ. ನನ್ನಂತೆ ವಾಪಸ್ ಬಂದ ಎಷ್ಟೋ ಜನ ಇದನ್ನೇ ಹೇಳುತ್ತಾರೆ.

ಕಾಗದಪತ್ರ ನೋಡಿದ ಗುಮಾಸ್ತರು ಮೊದಲು ಹಿಡಿದದ್ದು ತಾರೀಕನ್ನು. ಪಾಸ್‌ಪೋರ್ಟಿನಲ್ಲಿ ನಾನು ಇಥಿಯೋಪಿಯಾಕ್ಕೆ ಹೋದ ವರ್ಷ 2011. ಅಲ್ಲಿನ ಅನುಭವ ಪತ್ರದಲ್ಲಿ ಕೆಲಸಕ್ಕೆ ಸೇರಿದ ವರ್ಷ 2004, ಬಿಟ್ಟ ವರ್ಷ 2009. 'ಮೇಡಂ, ನೀವು ದೇಶ ಬಿಡುವುದಕ್ಕೆ ಏಳು ವರ್ಷ ಮುಂಚೆನೇ ಅಲ್ಲಿ ಕೆಲಸಕ್ಕೆ ಸೇರಿದ್ದೀರಾ?' ಎಂದು ಕೇಳಿದರು. ಅವರು ಕೇಳಿದ್ದು ತಪ್ಪಲ್ಲ. ಇಥಿಯೋಪಿಯಾದ ಪಂಚಾಂಗ ನಾವು ಬಳಸುವ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದಿದೆ. ಅವರಿಗೆ ವರ್ಷಕ್ಕೆ ಹದಿಮೂರು ತಿಂಗಳು. ಹನ್ನೆರಡು ತಿಂಗಳಿಗೆ ಮೂವತ್ತು ಮೂವತ್ತು ದಿನ, ಕೊನೆಯ ಪಗುಮೆ ತಿಂಗಳಿಗೆ ಐದೋ ಆರೋ ದಿನ. ಹೊಸ ವರ್ಷ ಬರುವುದು ಸೆಪ್ಟೆಂಬರ್ 11ಕ್ಕೆ, ಕೆಲವು ವರ್ಷ 12ಕ್ಕೆ. ಸರ್ಕಾರಿ ಕಾಗದಗಳೆಲ್ಲ ಆ ಲೆಕ್ಕದಲ್ಲೇ ನಡೆಯುತ್ತವೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ತಗೊಂಡು ಫೈಲಿಗೆ ಹಾಕಿದರು. ಆಮೇಲೆ ಬಂದ ಉತ್ತರದಲ್ಲಿ ತಾರೀಕಿನ ಮಾತೇ ಇರಲಿಲ್ಲ. 'ವಿದೇಶದ ಅನುಭವವನ್ನು ಪರಿಗಣಿಸುವ ಪದ್ಧತಿ ನಮ್ಮಲ್ಲಿಲ್ಲ' ಅಂತಷ್ಟೇ ಇತ್ತು.

ಹಾಗಾದರೆ ಆ ವರ್ಷಗಳಲ್ಲಿ ನಾನು ಏನು ಮಾಡುತ್ತಿದ್ದೆ? ಅದನ್ನು ಓದುಗರಿಗೂ ಕಾಲೇಜು ನಡೆಸುವವರಿಗೂ ಹೇಳಬೇಕು ಅನಿಸಿದೆ.

ಹೋಗುವುದೇ ಒಂದು ದೊಡ್ಡ ಕೆಲಸ. ಡಿಗ್ರಿ ಸರ್ಟಿಫಿಕೇಟುಗಳಿಗೆ ಮೊದಲು ಇಲ್ಲಿನ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಆಮೇಲೆ ದೆಹಲಿಯಲ್ಲಿರುವ ಇಥಿಯೋಪಿಯಾದ ಎಂಬಸಿಯದ್ದು. ಜತೆಗೆ ಯೆಲ್ಲೋ ಫೀವರ್ ಲಸಿಕೆ, ಅದರ ಹಳದಿ ಪುಸ್ತಕ. ಆಗ ಬೆಂಗಳೂರಿನಿಂದ ಅಲ್ಲಿನ ರಾಜಧಾನಿ ಅಡಿಸ್ ಅಬಾಬಾಕ್ಕೆ ನೇರ ವಿಮಾನ ಇರಲಿಲ್ಲ. ಮುಂಬೈಗೆ ಹೋಗಿ, ರಾತ್ರಿಯೆಲ್ಲ ಕಾದು ಹತ್ತಬೇಕಿತ್ತು. ಗಾಂಧಿ ಬಜಾರಿನಲ್ಲಿ ಕೊಂಡ ಹುಣಸೆಹಣ್ಣು, ಇಂಗು, ಅಮ್ಮ ಮಾಡಿಕೊಟ್ಟ ಸಾರಿನ ಪುಡಿ, ಒಣಗಿಸಿದ ಕರಿಬೇವು, ಎಲ್ಲಕ್ಕಿಂತ ಮುಖ್ಯವಾಗಿ ಕುಕ್ಕರ್. ತೂಕ ಜಾಸ್ತಿಯಾಯ್ತು ಎಂದು ಪುಸ್ತಕಗಳನ್ನು ತೆಗೆದಿಟ್ಟೆ, ಕುಕ್ಕರ್ ತೆಗೆಯಲಿಲ್ಲ. ಆ ಕುಕ್ಕರಿನ ವಿಷಯ ಮುಂದೆ ಹೇಳುತ್ತೇನೆ.

ಅಡಿಸ್‌ನಿಂದ ನಮ್ಮ ವಿಶ್ವವಿದ್ಯಾಲಯದ ಊರಿಗೆ ಬಸ್ಸಿನಲ್ಲಿ ಇಡೀ ದಿನದ ದಾರಿ. ವರ್ಷಕ್ಕೊಮ್ಮೆ ವಾಸದ ಪರವಾನಗಿ ನವೀಕರಿಸಲು ಅಷ್ಟು ದೂರ ಹೋಗಿಬರಬೇಕಿತ್ತು. ಸಂಬಳವನ್ನು ಮನೆಗೆ ಕಳಿಸುವುದು ಇನ್ನೊಂದು ತಲೆನೋವು. ದೇಶದಲ್ಲಿ ಡಾಲರಿನ ಅಭಾವ. ಬ್ಯಾಂಕಿಗೆ ಹೋದರೆ 'ಇವತ್ತು ಇಲ್ಲ, ನಾಳೆ ಬನ್ನಿ' ಎನ್ನುತ್ತಿದ್ದರು. ನಾಳೆ ಹೋದರೆ ಕರೆಂಟ್ ಇರುತ್ತಿರಲಿಲ್ಲ. ಇಲ್ಲಿ ಅಮ್ಮನ ಔಷಧಿಗೆ ದುಡ್ಡು ಬೇಕು, ಅಲ್ಲಿ ಕೈಯಲ್ಲಿ ದುಡ್ಡಿದ್ದರೂ ಕಳಿಸಲು ಆಗುತ್ತಿಲ್ಲ. ಆ ಸಂಕಟ ಅನುಭವಿಸಿದವರಿಗೇ ಗೊತ್ತು.

ಗಡಿಯಾರದ ವಿಷಯವೂ ಹಾಗೇ. ಇಥಿಯೋಪಿಯಾದಲ್ಲಿ ಬೆಳಿಗ್ಗೆ ಆರರಿಂದ ಗಂಟೆ ಎಣಿಸಲು ಶುರುಮಾಡುತ್ತಾರೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ, ನಮ್ಮ ಮಧ್ಯಾಹ್ನ ಹನ್ನೆರಡು ಅವರಿಗೆ ಆರು. ಯೋಚಿಸಿದರೆ ಇದರಲ್ಲಿ ವಿಚಿತ್ರ ಏನೂ ಇಲ್ಲ. ನಮ್ಮ ಹಿರಿಯರೂ ಸೂರ್ಯ ಹುಟ್ಟಿದ ಮೇಲೆಯೇ ಘಳಿಗೆ ಎಣಿಸುತ್ತಿದ್ದರು. ತೊಂದರೆ ಏನೆಂದರೆ, ಕಚೇರಿಯ ನೋಟಿಸಿನಲ್ಲಿ 'ಪರೀಕ್ಷೆ 3 ಗಂಟೆಗೆ' ಎಂದು ಬರೆದಿರುತ್ತಿದ್ದರು. ಯಾವ ಮೂರು? ಅವರ ಮೂರು ಅಂದರೆ ಬೆಳಿಗ್ಗೆ ಒಂಬತ್ತು. ಒಂದೊಂದು ನೋಟಿಸಿಗೂ ಆಫೀಸಿಗೆ ಹೋಗಿ 'ಇದು ಹಗಲಿನ ಲೆಕ್ಕವೋ, ಫಾರಿನ್ ಲೆಕ್ಕವೋ' ಎಂದು ಕೇಳಬೇಕಿತ್ತು.

ಈಗ ಕ್ಲಾಸಿನ ಮಾತು. ಅಲ್ಲಿನ ಮಕ್ಕಳು ಕೆಳಗಿನ ತರಗತಿಗಳಲ್ಲಿ ತಮ್ಮ ತಮ್ಮ ಭಾಷೆಯಲ್ಲಿ ಓದಿ, ಒಂಬತ್ತನೇ ಕ್ಲಾಸಿನ ಹೊತ್ತಿಗೆ ಇಂಗ್ಲಿಷಿಗೆ ಬರುತ್ತಾರೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಪಿಯುಸಿ ಸೈನ್ಸಿಗೆ ಬಂದಾಗ ಪಡುವ ಕಷ್ಟ ಗೊತ್ತಲ್ವಾ? ಥೇಟ್ ಅದೇ. ಒಂದೇ ಕ್ಲಾಸಿನಲ್ಲಿ ಅಮ್ಹಾರಿಕ್, ಒರೋಮೊ, ಸಿಡಾಮ, ವೊಲಾಯ್ತ ಮಾತಾಡುವವರು ಕೂತಿರುತ್ತಿದ್ದರು. ನನಗೆ ಇದರಲ್ಲಿ ಒಂದೂ ಬಾರದು. 'ಅರ್ಥವಾಯ್ತಾ?' ಎಂದು ಕೇಳಿದರೆ ಬಾಯಲ್ಲಿ ಉತ್ತರ ಬರುತ್ತಿರಲಿಲ್ಲ. ಬೆಚ್ಚಿಬಿದ್ದವರ ಹಾಗೆ ಸಣ್ಣದಾಗಿ ಉಸಿರು ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ಮೊದಮೊದಲು ನನಗೆ ಗಾಬರಿ. ಅದು ಅವರು 'ಹೌದು' ಅನ್ನುವ ರೀತಿ ಎಂದು ಆಮೇಲೆ ತಿಳಿಯಿತು. ಇಡೀ ಕ್ಲಾಸು ಒಟ್ಟಿಗೆ ಹಾಗೆ ಉಸಿರೆಳೆದ ದಿನ ಪಾಠ ಮುಟ್ಟಿತು ಎಂದು ಗೊತ್ತಾಗುತ್ತಿತ್ತು. ಅದಕ್ಕಿಂತ ಸಂತೋಷ ಕೊಡುವ ಸದ್ದನ್ನು ನಾನು ಇನ್ನೊಂದು ಕೇಳಿಲ್ಲ.

ಲ್ಯಾಬ್ ಇತ್ತು, ಸಾಮಾನು ಕಡಿಮೆ. ದಾನ ಬಂದ ಪೆಟ್ಟಿಗೆಗಳು ಮೂಲೆಯಲ್ಲಿ ಹಾಗೇ ಕೂತಿದ್ದವು. ಅವುಗಳ ಜತೆ ಬಂದ ಪುಸ್ತಕಗಳು ನಮಗೆ ಯಾರಿಗೂ ಓದಲು ಬಾರದ ಭಾಷೆಯಲ್ಲಿದ್ದವು. ಕರೆಂಟ್ ಹೋದರೆ ಅರ್ಧ ಪ್ರಯೋಗ ಅಲ್ಲಿಗೇ ನಿಂತಿತು. ಹಾಗಾಗಿ ಕರೆಂಟೇ ಬೇಡದ ಪ್ರಯೋಗಗಳನ್ನು ಹುಡುಕುತ್ತಿದ್ದೆ. ದಾರಕ್ಕೆ ನಟ್ ಕಟ್ಟಿ ಲೋಲಕ, ಅಂಗಳದಲ್ಲಿ ಕೋಲು ನೆಟ್ಟು ನೆರಳಿನ ಅಳತೆ, ಹೀಗೆ.

ಒಂದು ದಿನ ನೀರು ಕುದಿಸುವ ಪ್ರಯೋಗ. ಸೀಮೆಎಣ್ಣೆ ಸ್ಟೌ ಮೇಲೆ ಪಾತ್ರೆ ಇಟ್ಟು ಥರ್ಮಾಮೀಟರ್ ಇಳಿಬಿಟ್ಟೆವು. ನೀರು ತಳಮಳ ಕುದಿಯಿತು. ಪಾದರಸ 93 ಡಿಗ್ರಿಗೆ ಬಂದು ನಿಂತಿತು. ಎಷ್ಟು ಹೊತ್ತಾದರೂ ಮೇಲೆ ಹೋಗಲಿಲ್ಲ. ಹುಡುಗರು ಥರ್ಮಾಮೀಟರ್ ಕೆಟ್ಟಿದೆ ಎಂದರು. ಇನ್ನೊಂದು ತಂದರು, ಅದೂ 93. ಮೂರನೆಯದೂ ಅಷ್ಟೇ. ಹಿಂದಿನ ಬೆಂಚಿನ ಒಬ್ಬ ಹುಡುಗಿ, ಅಷ್ಟು ದಿನ ಬಾಯಿ ಬಿಡದಿದ್ದವಳು, ಎದ್ದು ನಿಂತು 'ಟೀಚರ್, ಪುಸ್ತಕ ಸರಿಯಿಲ್ಲವೋ, ನಮ್ಮ ನೀರು ಸರಿಯಿಲ್ಲವೋ?' ಎಂದು ಕೇಳಿದಳು.

ನಾನು ಎಷ್ಟು ದಿನದಿಂದ ಕಾಯುತ್ತಿದ್ದ ಪ್ರಶ್ನೆ ಅದು! ನಮ್ಮ ಊರು ಸಮುದ್ರಮಟ್ಟಕ್ಕಿಂತ 2000 ಮೀಟರ್ ಎತ್ತರದಲ್ಲಿತ್ತು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಮೇಲಿನಿಂದ ಒತ್ತುವುದು ಕಡಿಮೆಯಾದರೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಪುಸ್ತಕದ 100 ಡಿಗ್ರಿ ಸಮುದ್ರದ ಪಕ್ಕದಲ್ಲಿರುವವರದ್ದು. ಇದನ್ನು ಹೇಳಿದ ಕೂಡಲೇ ಒಬ್ಬ ಹುಡುಗ, 'ಅದಕ್ಕೇನಾ ನಮ್ಮಮ್ಮ ಕಾಳು ಬೇಯಿಸೋಕೆ ಅರ್ಧ ದಿನ ಒಲೆ ಮುಂದೆ ಕೂರೋದು?' ಎಂದ. ಹೌದಪ್ಪಾ, ಅದಕ್ಕೇ. ನೀರು ಎಷ್ಟು ಕುದಿದರೂ 93 ದಾಟುವುದಿಲ್ಲ, ಕಾಳು ಬೇಯುವುದು ನಿಧಾನ. ಮಾರನೇ ದಿನ ಮನೆಯಿಂದ ನನ್ನ ಕುಕ್ಕರ್ ತಂದೆ. ರಾತ್ರಿ ನೆನೆಹಾಕಿದ್ದ ಕಡಲೆಕಾಳು ಹಾಕಿ, ಮುಚ್ಚಿ, ವೆಯ್ಟ್ ಇಟ್ಟೆ. ಒಳಗೆ ಒತ್ತಡ ಏರಿದರೆ ನೀರು ಸುಮಾರು 115 ಡಿಗ್ರಿಯವರೆಗೂ ಹೋಗುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತಿರುವಾಗಲೇ ಕುಕ್ಕರ್ ಕೂಗಿತು. ಅರ್ಧ ಕ್ಲಾಸು ಬಾಗಿಲ ಹತ್ತಿರ ಓಡಿತು! ಆಮೇಲೆ ಎಲ್ಲರೂ ಕಡಲೆ ತಿಂದರು. ಒತ್ತಡಕ್ಕೂ ಕುದಿಯುವುದಕ್ಕೂ ಏನು ಸಂಬಂಧ ಎಂದು ಆ ವರ್ಷ ಪರೀಕ್ಷೆಯಲ್ಲಿ ಕೇಳಿದ್ದಕ್ಕೆ ಬಹಳ ಜನ ಸರಿಯಾಗಿ ಬರೆದಿದ್ದರು.

ಈಗ ಬೆಂಗಳೂರಿನ ಕ್ಲಾಸಿನಲ್ಲೂ ಇದೇ ಪ್ರಯೋಗ ಮಾಡಿಸುತ್ತೇನೆ. ನಮ್ಮ ಊರು ಸುಮಾರು 920 ಮೀಟರ್ ಎತ್ತರ. ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಇಲ್ಲಿನ ಮಕ್ಕಳೂ 100 ಎಂದೇ ಬರೆದು ಬಂದವರು, ಯಾರೂ ಅಳೆದು ನೋಡಿರಲಿಲ್ಲ. ಈ ಪಾಠ ಹೀಗೆ ಮಾಡಬಹುದು ಎಂದು ನನಗೆ ಗೊತ್ತಾದದ್ದು ಇಥಿಯೋಪಿಯಾದಲ್ಲಿ. ನಮ್ಮ ಕಾಲೇಜಿನ ಲ್ಯಾಬಿಗೆ ಅದು ಬೇಕು, ನನ್ನ ಸೇವಾ ಪುಸ್ತಕಕ್ಕೆ ಮಾತ್ರ ಬೇಡ. ಇದು ಯಾವ ನ್ಯಾಯ?

ಕಷ್ಟಗಳ ಪಟ್ಟಿ ಓದಿ ಯಾರೂ ಹೆದರುವುದು ಬೇಡ. ಸಣ್ಣ ಸಣ್ಣ ಸುಖಗಳೂ ಅಲ್ಲಿ ಬೇಕಾದಷ್ಟಿದ್ದವು. ನಾನು ಸಸ್ಯಾಹಾರಿ. ಆಫ್ರಿಕಾದಲ್ಲಿ ಏನು ತಿಂತೀಯಾ ಎಂದು ನೆಂಟರೆಲ್ಲ ಕೇಳಿದ್ದರು. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಈಸ್ಟರಿಗೆ ಮುಂಚೆ 55 ದಿನ. ಉಪವಾಸ ಅಂದರೆ ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲ. ಆ ದಿನ ಯಾವ ಹೋಟೆಲಿಗೆ ಹೋದರೂ ದೊಡ್ಡ ತಟ್ಟೆಯಲ್ಲಿ ಇಂಜೆರಾ ಎಂಬ ದೋಸೆಯಂಥ ರೊಟ್ಟಿ ಹಾಸಿ, ಮೇಲೆ ಬೇಳೆ, ಸೊಪ್ಪು, ಕೋಸು, ಬೀಟ್‌ರೂಟ್ ಸುತ್ತಲೂ ಬಡಿಸಿಕೊಡುತ್ತಾರೆ. ಅದಕ್ಕೆ ಬಳಸುವ ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟು ಹುಳಿ ಬಂದಾಗ ಬರುವ ವಾಸನೆ ನಮ್ಮ ಮನೆಯ ದೋಸೆ ಹಿಟ್ಟಿನದ್ದೇ. ಸ್ಟಾಫ್ ರೂಮಿನಲ್ಲಿ ಬುಧವಾರ, ಶುಕ್ರವಾರ ನಾನು ಎಲ್ಲರ ಜತೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆ.

ಧಾರವಾಡ ಕಡೆಯ ಒಬ್ಬ ಗಣಿತದ ಮೇಷ್ಟ್ರು ನಮ್ಮ ಕ್ಯಾಂಪಸ್ಸಿನಲ್ಲೇ ಇದ್ದರು. 'ಏನ್ರಿ ಮೇಡಮ್ಮಾರ, ಊಟ ಆತೇನ್ರಿ?' ಎಂದು ಅವರು ಕೇಳಿದರೆ ಅರ್ಧ ಹೊಟ್ಟೆ ತುಂಬುತ್ತಿತ್ತು. ಸಂತೆಯಲ್ಲಿ ಜೋಳ ಕೊಂಡು, ಗಿರಣಿಯಲ್ಲಿ ಬೀಸಿಸಿ, ಅವರೇ ರೊಟ್ಟಿ ಬಡಿಯುತ್ತಿದ್ದರು. ಒಂದು ಸಲ ಅದೇ ಸಂತೆಯಲ್ಲಿ ಉತ್ತರದ ಗೊಜ್ಜಾಂ ಕಡೆಯ ವ್ಯಾಪಾರಿಯ ಹತ್ತಿರ ಒಂದು ಚೀಲ ನೋಡಿ ನಿಂತುಬಿಟ್ಟೆ. ಕೈ ಹಾಕಿದೆ. ರಾಗಿ! ಅಲ್ಲಿ ಅದಕ್ಕೆ ದಾಗುಸ ಎನ್ನುತ್ತಾರೆ, ಜಾಸ್ತಿ ಹೋಗುವುದು ಮನೆಯಲ್ಲಿ ಮಾಡುವ ಮದ್ಯಕ್ಕೆ. ಜೋಳ, ರಾಗಿ ಎರಡೂ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದಲೇ ನಮ್ಮ ಕಡೆಗೆ ಬಂದ ಬೆಳೆಗಳು. ಆ ಭಾನುವಾರ ಮೇಷ್ಟ್ರ ರೊಟ್ಟಿ, ನನ್ನ ಮುದ್ದೆ, ಒಂದೇ ಸೊಪ್ಪಿನ ಸಾರು. ಊರಿಂದ ಅಷ್ಟು ದೂರ ಕೂತು ಊರಿನ ಊಟ ಉಂಡೆವು.

ಪಕ್ಕದ ಮನೆಯಾಕೆ ಸಂಜೆ ಕಾಫಿಗೆ ಕರೆಯುತ್ತಿದ್ದರು. ನೆಲಕ್ಕೆ ಹಸಿ ಹುಲ್ಲು ಹಾಸಿ, ಹಸಿ ಬೀಜವನ್ನು ಕೆಂಡದ ಮೇಲೆ ನಮ್ಮ ಕಣ್ಣೆದುರಿಗೇ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ, ಮೂರು ಸುತ್ತು ಕೊಡುತ್ತಾರೆ. ಮೊದಲ ಸುತ್ತು ಕುಡಿದು ಎದ್ದುಬಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೆ ನನ್ನ ಭಾಷೆ ಬಾರದು, ನನಗೆ ಅವರದ್ದು ಅಷ್ಟಕ್ಕಷ್ಟೇ. ಆದರೂ ಆ ಒಂದು ಗಂಟೆಯಲ್ಲಿ ಒಂಟಿತನ ಹತ್ತಿರ ಸುಳಿಯುತ್ತಿರಲಿಲ್ಲ. ಅವರ ಹೊಸ ವರ್ಷ ಬರುವುದು ಹೆಚ್ಚುಕಡಿಮೆ ನಮ್ಮ ಗೌರಿ ಗಣೇಶ ಹಬ್ಬದ ಹೊತ್ತಿಗೆ. ಸಣ್ಣ ಹುಡುಗಿಯರು ಹಳದಿ ಹೂವು ಹಿಡಿದು ಹಾಡುತ್ತಾ ಮನೆ ಮನೆಗೆ ಬರುತ್ತಾರೆ. ಬಾಗಿಲು ತೆಗೆದು ಚಿಲ್ಲರೆ ಕೊಟ್ಟು ಹೂವು ತಗೊಂಡರೆ, ಮನೆಯಲ್ಲಿ ಹಬ್ಬ ಇಲ್ಲ ಎಂಬ ಕೊರಗು ಅರ್ಧ ಹೋಗುತ್ತಿತ್ತು.

ಕಾಳಿನ ಪ್ರಶ್ನೆ ಕೇಳಿದ ಆ ಹುಡುಗ ಪದವಿ ಪಡೆದ ದಿನ ಅವನ ತಾಯಿ ಹಳ್ಳಿಯಿಂದ ಬಂದಿದ್ದರು. ಊಟಕ್ಕೆ ಕೂತಾಗ ಆಕೆ ಇಂಜೆರಾ ಸುತ್ತಿ, ದೊಡ್ಡ ತುತ್ತು ಮಾಡಿ, ನನ್ನ ಬಾಯಿಗೇ ಇಟ್ಟರು. ಬಹಳ ಬೇಕಾದವರಿಗೆ ಮಾತ್ರ ಹಾಗೆ ಕೈತುತ್ತು ಕೊಡುತ್ತಾರೆ. ಒಂದು ತುತ್ತು ಕೊಟ್ಟು ನಿಲ್ಲಿಸಬಾರದಂತೆ, ಇನ್ನೊಂದು ಕೊಟ್ಟರು. ನನಗೆ ಅಳು ಬಂತು. ಯಾವ ಅನುಭವ ಪತ್ರದಲ್ಲೂ ಇದನ್ನು ಬರೆಯಲು ಬರುವುದಿಲ್ಲ.

ಎಲ್ಲ ದಿನವೂ ಹೀಗಿರಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಅಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದರು. ಮೊಬೈಲ್ ಇಂಟರ್ನೆಟ್ ನಿಂತಿತು. ಅಮ್ಮನ ಮುಖ ನೋಡಲು ಆಗುತ್ತಿರಲಿಲ್ಲ. ಫೋನ್ ಸಿಕ್ಕಿದರೆ ಪುಣ್ಯ. ಮುಂದಿನ ವರ್ಷ ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋರಬಾರದು ಎಂದು ದೇಶದಲ್ಲೆಲ್ಲ ಮತ್ತೆ ಇಂಟರ್ನೆಟ್ ತೆಗೆದರು. ಆದರೂ ನಾವು ಯಾರೂ ಕ್ಲಾಸ್ ಬಿಡಲಿಲ್ಲ. ಮಕ್ಕಳು ಬಂದಿದ್ದರು, ನಾವೂ ಹೋದೆವು.

ಇನ್ನೊಂದು ವಿಷಯ ಹೇಳಲೇಬೇಕು. ಚಕ್ರವರ್ತಿ ಹೈಲೆ ಸೆಲಾಸಿ ಕಾಲದಲ್ಲೇ, ದೇಶವನ್ನು ಆಕ್ರಮಿಸಿದ್ದ ಇಟಲಿಯವರು 1941ರಲ್ಲಿ ಸೋತು ಹೋದ ಮೇಲೆ, ಇಥಿಯೋಪಿಯಾದ ಶಾಲೆಗಳಿಗೆ ಭಾರತದಿಂದ ಶಿಕ್ಷಕರನ್ನು ಕರೆಸಿಕೊಂಡಿದ್ದರು. ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಸಣ್ಣ ಸಣ್ಣ ಊರುಗಳಿಗೂ ನಮ್ಮವರು ಹೋಗಿ ಪಾಠ ಮಾಡಿದ್ದಾರೆ. ಅಡಿಸ್‌ನಲ್ಲಿ ಪರವಾನಗಿಗೆ ಸಾಲಿನಲ್ಲಿ ನಿಂತಿದ್ದಾಗ ಕೋಲು ಹಿಡಿದ ಅಜ್ಜ ಒಬ್ಬರು ನನ್ನ ಸೀರೆ ನೋಡಿ ಹತ್ತಿರ ಬಂದು, 'ನನಗೆ ಲೆಕ್ಕ ಹೇಳಿಕೊಟ್ಟವರು ಇಂಡಿಯಾದವರು' ಎಂದು ಇಂಗ್ಲಿಷಿನಲ್ಲಿ ಹೇಳಿ ಕೈ ಹಿಡಿದುಕೊಂಡರು. ಆ ಶಿಕ್ಷಕರು ಯಾರೋ, ಯಾವ ಊರಿನವರೋ. ಅಜ್ಜನಿಗೆ ಅವರು ಕಲಿಸಿದ್ದು ನೆನಪಿತ್ತು.

ಈಗ ನಿಯಮದ ಮಾತು. ವಿಶ್ವವಿದ್ಯಾಲಯಗಳ ಧನಸಹಾಯ ಆಯೋಗ, ಅಂದರೆ ಯುಜಿಸಿ, 2018ರಲ್ಲಿ ಹೊರಡಿಸಿದ ನಿಯಮಾವಳಿಯ ಹತ್ತನೇ ಭಾಗ ಓದಿ. ಹಿಂದಿನ ಕಾಯಂ ಸೇವೆ ದೇಶದ ಒಳಗಿನದ್ದಾಗಲಿ ಹೊರಗಿನದ್ದಾಗಲಿ, ನೇಮಕಾತಿಗೂ ಬಡ್ತಿಗೂ ಎಣಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. 2010ರ ನಿಯಮಾವಳಿಯಲ್ಲೂ ಇತ್ತು. ಷರತ್ತುಗಳಿವೆ, ಇರಲಿ. ಅರ್ಹತೆ ಇದ್ದಿರಬೇಕು, ಹುದ್ದೆ ಸಮಾನವಾಗಿರಬೇಕು, ಸರಿಯಾದ ಆಯ್ಕೆಯ ಮೂಲಕ ಸೇರಿರಬೇಕು. ಗುತ್ತಿಗೆ ಸೇವೆಗೂ ಬೇರೆ ಷರತ್ತುಗಳನ್ನು ಹೇಳಿದ್ದಾರೆ. ಪರಿಶೀಲಿಸಿ, ಷರತ್ತಿಗೆ ಹೊಂದದಿದ್ದರೆ ಕಾರಣ ಬರೆದು ತಿರಸ್ಕರಿಸಿ, ಒಪ್ಪುತ್ತೇನೆ. ಕಾಗದ ಬಿಚ್ಚಿಯೂ ನೋಡದೆ ಪದ್ಧತಿಯಿಲ್ಲ ಅನ್ನುವುದನ್ನು ಮಾತ್ರ ಒಪ್ಪಲಾರೆ.

ಕಾಲೇಜು ಶಿಕ್ಷಣ ಇಲಾಖೆಯವರಲ್ಲಿ ನನ್ನ ಮನವಿ ಇಷ್ಟೇ. ವಿದೇಶದಲ್ಲಿ ಮಾಡಿದ ಬೋಧನೆಯನ್ನು ಹೇಗೆ ಪರಿಶೀಲಿಸಬೇಕು, ಯಾವ ಕಾಗದ ಸಾಕು ಎಂದು ಒಂದು ಸುತ್ತೋಲೆ ಹೊರಡಿಸಿ, ಖಾಸಗಿ ಕಾಲೇಜುಗಳಿಗೂ ಕಳಿಸಿ. ಬೇರೆ ಪಂಚಾಂಗದ ತಾರೀಕಿದ್ದರೆ ಅದನ್ನು ಹೇಗೆ ಓದಬೇಕು ಎಂದು ಅದರಲ್ಲೇ ಎರಡು ಸಾಲು ಸೇರಿಸಿ. ಗುಮಾಸ್ತರಿಗೂ ಅನುಕೂಲ, ನಮಗೂ ಅನುಕೂಲ.

ಈಗ ಹೊರಡುತ್ತಿರುವ ತಮ್ಮ ತಂಗಿಯರಿಗೂ ಒಂದು ಮಾತು. ಕೆಲಸ ಬಿಡುವ ಮುಂಚೆ ಅನುಭವ ಪತ್ರದಲ್ಲಿ ಎರಡೂ ಪಂಚಾಂಗದ ತಾರೀಕು ಬರೆಸಿಕೊಳ್ಳಿ. ಹುದ್ದೆಯ ಹೆಸರು, ವಾರಕ್ಕೆ ಎಷ್ಟು ಗಂಟೆ ಪಾಠ, ಸಂಬಳ ಎಷ್ಟು, ಆಯ್ಕೆ ಹೇಗೆ ಆಯಿತು ಇದೆಲ್ಲ ಅದರಲ್ಲಿ ಇರಲಿ. ಅಲ್ಲಿರುವ ಭಾರತದ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿಕೊಂಡೇ ವಿಮಾನ ಹತ್ತಿ. ಕುಕ್ಕರ್ ಮರೆಯಬೇಡಿ.

ನಿಮ್ಮ ಪತ್ರಿಕೆಯವರು ಈ ವಿಷಯವನ್ನು ಇಲಾಖೆಯ ಗಮನಕ್ಕೆ ತಂದರೆ, ನನ್ನ ಹತ್ತಿರ ಇರುವ ಎಲ್ಲ ಕಾಗದಪತ್ರ ತೋರಿಸಲು ಸಿದ್ಧಳಿದ್ದೇನೆ. ನನ್ನಂಥವರು ಬೇರೆ ಊರುಗಳಲ್ಲೂ ಇದ್ದೀರಿ. ನೀವೂ ಬರೆಯಿರಿ.

ಇಂತಿ,
ಭೌತಶಾಸ್ತ್ರ ಅಧ್ಯಾಪಕಿ,
ಹನುಮಂತನಗರ, ಬೆಂಗಳೂರು